ಅಬೂಯಿ ಭಾಷೆಯ ಕುಲನಿರ್ಣಯ: ಒಂದು ವಿಮರ್ಶೆ

ಇಂಡೊನೇಷ್ಯದ ಪೂರ್ವಭಾಗದಲ್ಲಿ, ತಿಮೋರ್ ದ್ವೀಪದ ಉತ್ತರಕ್ಕೆ, ಆಲೋರ್ ಮತ್ತು ಪಂತರ್ ಎಂಬ ಎರಡು ಸಣ್ಣ ದ್ವೀಪಗಳಿವೆ. ಇಲ್ಲಿ ಸುಮಾರು ಇಪ್ಪತ್ತು ಪಾಪುವನ್ ಭಾಷೆಗಳು ಬಳಕೆಯಲ್ಲಿವೆ. ಆಲೋರಿನ ಮಧ್ಯಭಾಗದ ಅಬೂಯಿ ಮತ್ತು ಪಂತರಿನ ತೇಯಿವಾ ಇವುಗಳಲ್ಲಿ ಸೇರಿವೆ. 'ಪಾಪುವನ್' ಎಂಬುದು ಒಂದು ಕುಲದ ಹೆಸರಲ್ಲ. ನ್ಯೂಗಿನಿ ಮತ್ತು ಅದರ ನೆರೆಯ ದ್ವೀಪಗಳಲ್ಲಿ ಆಸ್ಟ್ರೊನೇಷ್ಯನ್ ಕುಟುಂಬಕ್ಕೆ ಸೇರದ ಭಾಷೆಗಳಿಗೆ ಕೊಟ್ಟಿರುವ ನಿಷೇಧಾರ್ಥಕ ಸಂಜ್ಞೆ. ಆದುದರಿಂದ ಅಬೂಯಿಯನ್ನು ಪಾಪುವನ್ ಎಂದು ಕರೆದ ಮಾತ್ರಕ್ಕೆ ಅದರ ಕುಲನಿರ್ಣಯವಾದಂತಾಗಲಿಲ್ಲ. ಈ ನಿರ್ಣಯವು ನಡೆದುಬಂದ ಬಗೆಯನ್ನು ಇತಿಹಾಸಾಭ್ಯಾಸಿಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಪ್ರಾಚೀನ ಲಿಖಿತ ದಾಖಲೆಗಳಿಲ್ಲದ ಜನಗಳ ಪೂರ್ವಚರಿತ್ರೆಯನ್ನು ಹೇಳುವಾಗ ಚರಿತ್ರಕಾರನು ಭಾಷಾವರ್ಗೀಕರಣವನ್ನೇ ಊರುಗೋಲಾಗಿ ಹಿಡಿಯುತ್ತಾನೆ. ಆ ಕೋಲು ಎಷ್ಟು ಗಟ್ಟಿ ಎಂಬುದನ್ನು ಅವನು ನೋಡಿಕೊಳ್ಳದಿದ್ದರೆ ಆಗದು.

1971ರಲ್ಲಿ ಜೋಸೆಫ್ ಗ್ರೀನ್‌ಬರ್ಗರು ಪಾಪುವನ್ ಭಾಷೆಗಳನ್ನೂ ನಮ್ಮ ಅಂಡಮಾನಿನ ಭಾಷೆಗಳನ್ನೂ ಟಾಸ್ಮೇನಿಯದ ಭಾಷೆಗಳನ್ನೂ 'ಇಂಡೊ-ಪೆಸಿಫಿಕ್' ಎಂಬ ಒಂದೇ ಕುಲದೊಳಗೆ ಸೇರಿಸಿದರು. ಅನೇಕ ಭಾಷೆಗಳ ಪದಗಳನ್ನು ಒಟ್ಟಿಗೆ ಹರಡಿ, ಮೇಲ್ನೋಟದ ಸಾಮ್ಯವನ್ನು ಎಣಿಸುವುದೇ ಅವರ ಮಾರ್ಗ. 1975ರಲ್ಲಿ ಕ್ಯಾನ್‌ಬೆರಾದಿಂದ ಪ್ರಕಟವಾದ ಬೃಹತ್ಸಂಪುಟದ ಸ್ಥಿತಿ ಇನ್ನೂ ವಿಚಿತ್ರವಾದುದು. ಅದರ ಒಂದು ಅಧ್ಯಾಯದಲ್ಲಿ ವುರ್ಮ್ ಮತ್ತು ಅವರ ಸಹಲೇಖಕರು ತಿಮೋರ್ ಹಾಗೂ ಆಲೋರ್-ಪಂತರ್ ಭಾಷೆಗಳನ್ನು 'ಟ್ರಾನ್ಸ್ ನ್ಯೂಗಿನಿ' ವರ್ಗಕ್ಕೆ ಸೇರಿಸಿದರೆ, ಇನ್ನೊಂದರಲ್ಲಿ ಕೇಪಲ್ಲರು ಅವನ್ನೇ 'ಪಶ್ಚಿಮ ಪಾಪುವನ್' ವರ್ಗಕ್ಕೆ ಸೇರಿಸಿದರು. ಒಂದೇ ಗ್ರಂಥದಲ್ಲಿ ಒಂದೇ ಭಾಷೆಗೆ ಎರಡು ಗೋತ್ರಗಳು! ಪಂಡಿತರಲ್ಲಿ ಮತಭೇದವಿರುವುದು ಸಹಜ. ಆದರೆ ಎರಡು ಪಕ್ಷಗಳಲ್ಲಿ ಯಾವುದು ಸರಿಯೆಂದು ತೀರ್ಮಾನಿಸಲು ಓದುಗನಿಗೆ ಒರೆಗಲ್ಲೇ ದೊರೆಯದಿದ್ದುದು ಆ ಕಾಲದ ವರ್ಗೀಕರಣದ ನಿಜವಾದ ದೋಷ.

2005ರಲ್ಲಿ ಮಾಲ್ಕಂ ರಾಸ್ ಸರ್ವನಾಮಗಳನ್ನು ಒರೆಗಲ್ಲಾಗಿ ಮುಂದಿಟ್ಟರು. ಟ್ರಾನ್ಸ್ ನ್ಯೂಗಿನಿ ಮೂಲಭಾಷೆಯಲ್ಲಿ ಉತ್ತಮ ಪುರುಷಕ್ಕೆ 'ನ', ಮಧ್ಯಮ ಪುರುಷಕ್ಕೆ 'ಗ' ಎಂಬ ರೂಪಗಳಿದ್ದುವೆಂದು ಅವರ ಊಹೆ. ಆಲೋರ್-ಪಂತರ್ ಭಾಷೆಗಳಲ್ಲಿ ಉತ್ತಮ ಪುರುಷದ 'ನ' ದೊರೆಯುತ್ತದೆ; 'ಗ' ಮಾತ್ರ ಮಧ್ಯಮ ಪುರುಷದಲ್ಲಿರದೆ ಪ್ರಥಮ ಪುರುಷದಲ್ಲಿದೆ. ಎರಡು ಪುರುಷಗಳು ಸ್ಥಾನಪಲ್ಲಟ ಮಾಡಿಕೊಂಡವೆಂದು ಭಾವಿಸಿದರೆ ಮಾತ್ರ ವಾದ ನಿಲ್ಲುತ್ತದೆ. ರಾಸ್ ಅವರು ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಇದನ್ನು ಪ್ರಾಥಮಿಕ ಪರೀಕ್ಷೆಯೆಂದು ಕರೆದಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಪ್ರಾಥಮಿಕವಾದುದನ್ನು ಅಂತಿಮವೆಂದು ಉದ್ಧರಿಸುವವರದೇ ತಪ್ಪು.

ಮೇಲ್ನೋಟದ ಸಾಮ್ಯ ಹೇಗೆ ವಂಚಿಸಬಲ್ಲದೆಂಬುದಕ್ಕೆ ಈ ಭಾಷೆಗಳೊಳಗೇ ನಿದರ್ಶನವಿದೆ. ಅಬೂಯಿಯಲ್ಲಿ 'ಹ-' ಎಂದರೆ 'ಅವನ'; ತೇಯಿವಾದಲ್ಲಿ 'ಹ-' ಎಂದರೆ 'ನಿನ್ನ'. ರೂಪ ಒಂದೇ ಆದರೂ ಇವು ಜ್ಞಾತಿಗಳಲ್ಲ. ಅಬೂಯಿಯ 'ಹ-'ಕ್ಕೆ ಜ್ಞಾತಿಯಾದುದು ತೇಯಿವಾದ 'ಗ-'. ಮೂಲದ ಗಕಾರವು ಅಬೂಯಿಯಲ್ಲಿ ಹಕಾರವಾಗಿದೆ. ಹಾಗೆಯೇ ಹಂದಿಗೆ ತೇಯಿವಾದಲ್ಲಿ 'ಬೈ', ಅಬೂಯಿಯಲ್ಲಿ 'ಫೆ'. ಅಡಿಕೆಗೆ ಅಲ್ಲಿ 'ಬುಯ್', ಇಲ್ಲಿ 'ಫು'. ತಮಿಳಿನ ಪಾಲ್, ಪಲ್, ಪುಲಿಗಳಿಗೆ ಎದುರಾಗಿ ಕನ್ನಡದ ಹಾಲು, ಹಲ್ಲು, ಹುಲಿಗಳನ್ನು ಇಟ್ಟು ನೋಡಿದವರಿಗೆ ಈ ನ್ಯಾಯ ಅಪರಿಚಿತವಲ್ಲ. ಸಂಬಂಧವನ್ನು ಸಾಧಿಸುವುದು ಸಾಮ್ಯವಲ್ಲ, ನಿಯತವಾದ ವ್ಯತ್ಯಾಸ.

ಹಂದಿ, ಅಡಿಕೆಗಳಂಥ ಪದಗಳು ಎರವಲಾಗಿರಬಹುದೆಂಬ ಆಕ್ಷೇಪಣೆ ಬರಬಹುದು. ಇವು ಆಸ್ಟ್ರೊನೇಷ್ಯನ್ ಭಾಷೆಗಳಿಂದ ಬಂದವೆಂಬ ಅಭಿಪ್ರಾಯವೂ ಉಂಟು. ಹಾಗಿದ್ದರೂ ಚರಿತ್ರಕಾರನಿಗೆ ನಷ್ಟವಿಲ್ಲ. ಎರವಲು ಪದವೂ ಕುಟುಂಬದ ಧ್ವನಿನಿಯಮಕ್ಕೆ ಒಳಪಟ್ಟಿದ್ದರೆ, ಕುಟುಂಬ ಕವಲೊಡೆಯುವ ಮೊದಲೇ ಅದು ಒಳಬಂದಿತ್ತೆಂದು ತಿಳಿಯಬಹುದು. ಆಗ ಈ ಕವಲುಗಳು ಆಸ್ಟ್ರೊನೇಷ್ಯನ್ ಸಂಪರ್ಕದ ಅನಂತರದವು ಎಂಬ ಕಾಲಾನುಕ್ರಮ ಸಿದ್ಧಿಸುತ್ತದೆ. ಶಾಸನವಿಲ್ಲದ ಕಡೆ ಇದು ಅಲ್ಪಲಾಭವಲ್ಲ.

2012ರಲ್ಲಿ ಹೋಲ್ಟನ್, ಕ್ಲಾಮರ್ ಮೊದಲಾದ ಐವರು ವಿದ್ವಾಂಸರು ಇಂಥ ಧ್ವನಿನಿಯಮಗಳಿಂದಲೇ ಆಲೋರ್-ಪಂತರ್ ಭಾಷೆಗಳ ಏಕಮೂಲವನ್ನು ಸ್ಥಾಪಿಸಿದರು. ತಿಮೋರಿನ ಬುನಾಕ್, ಮಕಸಾಯ್, ಫತಲುಕು ಭಾಷೆಗಳೂ ಇದೇ ಕುಟುಂಬದವೆಂಬುದು ಬಳಿಕ ಸಿದ್ಧವಾಯಿತು. ಅದೇ 2012ರಲ್ಲಿ ರಾಬಿನ್ಸನ್ ಮತ್ತು ಹೋಲ್ಟನ್ ಟ್ರಾನ್ಸ್ ನ್ಯೂಗಿನಿ ಸಂಬಂಧವನ್ನು ಪುನಃ ಪರೀಕ್ಷಿಸಿ, ಅದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ನಿರ್ಣಯಿಸಿದರು. ದೊಡ್ಡ ಮನೆತನದ ಹೆಸರನ್ನು ಬಿಟ್ಟುಕೊಟ್ಟು, ಸಾಧಿತವಾದ ಸಣ್ಣ ಕುಟುಂಬದಲ್ಲಿ ನಿಂತ ಈ ಸಂಯಮ ಶ್ಲಾಘ್ಯವಾದುದು. 2022ರಲ್ಲಿ ಅಷರ್ ಮತ್ತು ಶಾಪರ್ ಇವನ್ನು ನ್ಯೂಗಿನಿಯ ಪಶ್ಚಿಮದಲ್ಲಿರುವ ಬೊಂಬೆರಾಯ್ ಪರ್ಯಾಯದ್ವೀಪದ ಕೆಲವು ಭಾಷೆಗಳೊಡನೆ ಸೇರಿಸಿದ್ದಾರೆ. ಧ್ವನಿನಿಯಮಗಳನ್ನು ಮುಂದಿಟ್ಟು ಮಾಡಿದ ವಾದವಾದುದರಿಂದ ಅದನ್ನು ಒಪ್ಪುವವರೂ ಒಪ್ಪದವರೂ ಸಮಾನವಾಗಿ ಪರೀಕ್ಷಿಸಬಹುದು.

ಇಲ್ಲಿಂದ ಚರಿತ್ರಕಾರನು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಟ್ರಾನ್ಸ್ ನ್ಯೂಗಿನಿ ಭಾಷೆಗಳ ಪ್ರಸಾರವನ್ನು ನ್ಯೂಗಿನಿಯ ಪ್ರಾಚೀನ ಕೃಷಿಯ ಪ್ರಸಾರಕ್ಕೆ ಜೋಡಿಸುವವರುಂಟು. 1975ರ ಹಣೆಪಟ್ಟಿಯನ್ನು ನಂಬಿ ಅಬೂಯಿ ಜನರನ್ನೂ ಆ ಕಥೆಯೊಳಗೆ ನಡೆಸಿದರೆ, ನಾವು ಬರೆಯುವುದು ಆ ಜನರ ಚರಿತ್ರೆಯಾಗದೆ ವರ್ಗೀಕರಣಕಾರರ ಚರಿತ್ರೆಯಾದೀತು. ಶಾಸನದ ಪಾಠ ನಿರ್ಣಯವಾಗದೆ ರಾಜವಂಶಾವಳಿಯನ್ನು ಬರೆಯಬಾರದೆಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.