ಒಂದೇ ಹಗ್ಗಕ್ಕೆ ಸಿಗುವ ಅಲೆ

ಶಿರವಾಡದಲ್ಲಿ ರೈಲಿಳಿದು ಕಾರವಾರದ ಕಡಲತಡಿಗೆ ಹೋದವರಿಗೆ ಕಾಣುವುದು ಮೇಲಿನ ಅಲೆ ಮಾತ್ರ. ಬೆಚ್ಚಗಿನ ಹಗುರ ನೀರಿಗೂ ಅದರಡಿಯ ತಣ್ಣನೆಯ ಭಾರದ ನೀರಿಗೂ ನಡುವಿನ ಪದರ ಹತ್ತಾರು ಮೀಟರ್ ಏರಿಳಿದರೂ ದಡದಲ್ಲಿ ನಿಂತವರಿಗೆ ಸುಳಿವು ಹತ್ತದು. ಈ ಒಳ ಅಲೆಗಳ ಬೆನ್ನು ಹತ್ತಲು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಪಶ್ಚಿಮ ಕರಾವಳಿಯುದ್ದಕ್ಕೂ ನೆಚ್ಚಿಕೊಂಡಿರುವ ಉಪಕರಣ ಎಡಿಸಿಪಿ. ತಳದ ಭಾರಕ್ಕೆ ಕಟ್ಟಿದ ಹಗ್ಗದಲ್ಲಿ ನೀರೊಳಗೇ ನಿಂತು ಮೇಲ್ಮುಖವಾಗಿ ಶಬ್ದ ಕಳಿಸುತ್ತದೆ. ಪ್ಲವಕಗಳಿಗೆ ತಾಗಿ ಮರಳುವ ಶಬ್ದದ ಕಂಪನಾಂಕ ಎಷ್ಟು ಬದಲಾಯಿತೆಂದು ನೋಡಿ ಪ್ರವಾಹದ ವೇಗ ಹೇಳುತ್ತದೆ.

ಹಗ್ಗ ಕಟ್ಟಿ ಕಾಯುವ ಈ ಪದ್ಧತಿಗೆ ಹೇಳಿಮಾಡಿಸಿದ ಜಾಗ ಸಮಭಾಜಕ ವೃತ್ತ. ಅಲ್ಲಿ ಇದೇ ಸಂಸ್ಥೆ 2000ರಿಂದ ಇಳಿಸಿದ ಪ್ರವಾಹಮಾಪಕಗಳ ದಾಖಲೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಶಿಸ್ ಸೇನ್‌ಗುಪ್ತ ಮತ್ತು ಸಂಗಡಿಗರು ಎರಡು ವಾರಕ್ಕೊಮ್ಮೆ ನೀರನ್ನು ಉತ್ತರ-ದಕ್ಷಿಣಕ್ಕೆ ತೂಗುವ ಅಲೆಯನ್ನು 2004ರಲ್ಲಿ ತೋರಿಸಿಕೊಟ್ಟರು. ಸಾವಿರಾರು ಕಿಲೋಮೀಟರ್ ಉದ್ದದ ಅಲೆ ಅದು. ಕೆಲವೇ ಹಗ್ಗ ಸಾಕು. ಸಮಭಾಜಕದಿಂದ ಹೊರಟು ಬಂಗಾಳ ಕೊಲ್ಲಿಯ ದಂಡೆ ಸುತ್ತಿ ನಮ್ಮ ಕಡೆಗೂ ಬರುವ ಕೆಲ್ವಿನ್ ಅಲೆಯ ಮಾತೂ ಅಷ್ಟೇ. ಇಲ್ಲಿನ ಪ್ರವಾಹ ಇಲ್ಲಿನ ಗಾಳಿಗಷ್ಟೇ ಕುಣಿಯುವುದಿಲ್ಲವೆಂಬುದನ್ನು ಎಡಿಸಿಪಿಗಳ ವರ್ಷಾನುಗಟ್ಟಲೆಯ ದಾಖಲೆ ಗಟ್ಟಿಮಾಡಿದೆ. ಹಡಗಿನಲ್ಲಿ ಹೋಗಿ ಹತ್ತು ದಿನ ಅಳೆದು ಬಂದಿದ್ದರೆ ಇದು ದಕ್ಕುತ್ತಿರಲಿಲ್ಲ.

ಕಾರವಾರದ ಅಕ್ಷಾಂಶದಲ್ಲಿ ಲೆಕ್ಕ ಬದಲಾಗುತ್ತದೆ. ಭೂಮಿಯ ತಿರುಗುವಿಕೆಯಿಂದಾಗಿ, ತೆರೆದ ಕಡಲಲ್ಲಿ ಗುರುತ್ವದ ಒಳ ಅಲೆಗಳ ಆವರ್ತ ಇಲ್ಲಿ ಸುಮಾರು 47 ಗಂಟೆ ಮೀರದು. ಭರತ ಇಳಿತ ಎಬ್ಬಿಸುವ ಹನ್ನೆರಡೂವರೆ ಗಂಟೆಯ ಅಲೆ ಎಡಿಸಿಪಿಗೆ ಸಿಗುತ್ತದೆ. ಅದು ದಡದತ್ತ ಬಂದು ಒಡೆದಾಗ ಹುಟ್ಟುವ ಗಿಡ್ಡ ಅಲೆಗಳಲ್ಲೇ ತೊಡಕು. ಶಬ್ದಕಿರಣಗಳು ಸಾಮಾನ್ಯವಾಗಿ 20 ಡಿಗ್ರಿ ವಾಲಿರುತ್ತವೆ. 300 ಮೀಟರ್ ಏರುವಷ್ಟರಲ್ಲಿ ಎದುರುಬದುರು ಕಿರಣಗಳ ನಡುವೆ ಸುಮಾರು 220 ಮೀಟರ್ ಅಂತರ. ಎರಡೂ ಕಡೆ ನೀರು ಒಂದೇ ಥರ ಹರಿಯುತ್ತಿದೆಯೆಂದು ಉಪಕರಣ ನಂಬಿಕೊಂಡಿದೆ. ಅಲೆಯ ಉದ್ದವೇ ಕೆಲವು ನೂರು ಮೀಟರ್ ಆದರೆ ಆ ನಂಬಿಕೆ ನಿಲ್ಲದು. ಗಂಟೆಗೊಂದು ಸರಾಸರಿ ಬರೆದಿಟ್ಟರಂತೂ ಇಪ್ಪತ್ತು ನಿಮಿಷದ ಅಲೆ ಅಳಿಸಿಯೇ ಹೋಗುತ್ತದೆ. ಮೇಲ್ಮೈಯ ಪ್ರತಿಧ್ವನಿ ನುಂಗಿಹಾಕುವ ಮೇಲಿನ ಹದಿನೆಂಟಿಪ್ಪತ್ತು ಮೀಟರ್ ಬೇರೆ. ಬಂಗಡೆ ಹುಡುಕುವವರಿಗೆ ಬೇಕಾದ್ದು ಆ ನೀರೇ! ಇನ್ನು ಸಂಜೆ ಪ್ಲವಕಗಳು ಮೇಲೇರಿದರೆ ನೀರೇ ಏರಿದಂತೆ ಅಂಕಿ ಬರುತ್ತದೆ.

ಉಪಕರಣ ಕೆಟ್ಟದ್ದೇನಲ್ಲ, ಅದನ್ನು ಒಂಟಿಯಾಗಿ ಬಿಟ್ಟಿದ್ದು ತಪ್ಪಾಗುತ್ತದೆ. ಅದೇ ಹಗ್ಗಕ್ಕೆ ಐದೈದು ಮೀಟರಿಗೊಂದು ಉಷ್ಣತಾಮಾಪಕ ಕಟ್ಟಿ ನಿಮಿಷಕ್ಕೊಮ್ಮೆ ಓದಿಸಿದರೆ ಪದರದ ಏರಿಳಿತ ನೇರವಾಗಿ ಕಾಣುತ್ತದೆ. ಆಳವಿಲ್ಲದ ಕಡೆ ಅಂಥ ಹಗ್ಗ ಇಳಿಸುವಾಗ ಜಾಗದ ಗುರುತನ್ನು ಟ್ರಾಲ್ ಬೋಟಿನವರಿಗೆ ಮೊದಲೇ ಕೊಡಬೇಕು. ಬಲೆಗೆ ಸಿಕ್ಕ ಉಪಕರಣದಿಂದ ಯಾವ ದಾಖಲೆಯೂ ಬರುವುದಿಲ್ಲ.