ಉದ್ಯಾನದೊಳಗಿನ ಟರ್ಮಿನಲ್: ಹಸಿರಿನ ಉಷ್ಣಲೆಕ್ಕ

ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಅಮೆರಿಕದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆ ವಿನ್ಯಾಸಗೊಳಿಸಿದ, ಸುಮಾರು ಎರಡೂವರೆ ಲಕ್ಷ ಚದರ ಮೀಟರ್ ವಿಸ್ತಾರದ ಈ ಕಟ್ಟಡ ‘ಉದ್ಯಾನದೊಳಗಿನ ಟರ್ಮಿನಲ್’ ಎಂದೇ ಪ್ರಸಿದ್ಧ. ಪ್ರಯಾಣಿಕರು ಇಲ್ಲಿ ಒಂದೆರಡು ಗಂಟೆ ಕಳೆಯುತ್ತಾರೆ. ಭದ್ರತೆ, ಸ್ವಚ್ಛತೆ, ಅಂಗಡಿಗಳ ಸಿಬ್ಬಂದಿಗಾದರೋ ಇದು ದಿನನಿತ್ಯದ ಕೆಲಸದ ಸ್ಥಳ. ಅವರ ಕಣ್ಣಿಗೆ ಈ ಹಸಿರು ಹಿತವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ಕಟ್ಟಡವನ್ನು ತಂಪಾಗಿಡುತ್ತದೆಯೇ?

ಛಾವಣಿಯಿಂದ ತೂಗುವ ಗಿಡಗಳನ್ನು ನೋಡಿ. ಬಾಷ್ಪವಿಸರ್ಜನೆಯಲ್ಲಿ ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಸುತ್ತಲಿನ ಗಾಳಿ ಅಷ್ಟು ತಂಪಾಗುತ್ತದೆ. ಬಯಲಿನಲ್ಲಿ ಆ ಆವಿಯನ್ನು ಗಾಳಿ ಒಯ್ಯುತ್ತದೆ. ಮುಚ್ಚಿದ, ಹವಾನಿಯಂತ್ರಿತ ಸಭಾಂಗಣದಲ್ಲಿ ಹಾಗಲ್ಲ. ಹವಾನಿಯಂತ್ರಕದ ತಣ್ಣನೆಯ ಕೊಳವೆಗಳ ಮೇಲೆ ಆವಿ ಮತ್ತೆ ನೀರಾಗುವಾಗ ಅದೇ ಗುಪ್ತೋಷ್ಣ ಹೊರಬೀಳುತ್ತದೆ. ಅದನ್ನು ಯಂತ್ರವೇ ಹೊರಹಾಕಬೇಕು. ಒಳಗಿನ ಗಿಡ ಸುಂದರ, ಆದರೆ ವಿದ್ಯುತ್ ಉಳಿಸುವುದಿಲ್ಲ.

ಬಿದಿರಿನ ಜಾಲರಿಯ ಕಥೆಯೂ ಹೀಗೆಯೇ. ಗಾಜಿನ ಮೂಲಕ ಇಳಿಯುವ ಬಿಸಿಲನ್ನು ಅದು ಸೊಗಸಾಗಿ ಸೋಸುತ್ತದೆ. ಹಗಲಿನಲ್ಲಿ ದೀಪಗಳ ಅಗತ್ಯ ಕಡಿಮೆಯಾಗುತ್ತದೆ. ಇದು ನಿಜವಾದ ಉಳಿತಾಯ. ಆದರೆ ಗಾಜನ್ನು ದಾಟಿ ಬಂದು ಬಿದಿರಿಗೆ ತಾಗಿದ ಬೆಳಕಿನ ಬಹುಪಾಲು ಶಾಖವಾಗಿ ಒಳಗೇ ಉಳಿಯುತ್ತದೆ. ಬಿಸಿಲನ್ನು ಗಾಜಿನ ಹೊರಗೇ ತಡೆಯುವುದು ಮೇಲು. ಇನ್ನು ಬಿದಿರು ಇಲ್ಲಿ ಹೊದಿಕೆ ಮಾತ್ರ. ಭಾರ ಹೊರುವುದು ಉಕ್ಕು. ಉಕ್ಕಿನ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲವನ್ನು ಬಿದಿರಿನ ಹೊದಿಕೆ ಅಳಿಸಲಾರದು. ವಿಮಾನಗಳು ಸುಡುವ ಇಂಧನವಂತೂ ಕಟ್ಟಡದ ಹಸಿರು ಪ್ರಮಾಣಪತ್ರದ ಲೆಕ್ಕಕ್ಕೇ ಬರುವುದಿಲ್ಲ.

ನನ್ನ ದೃಷ್ಟಿಯಲ್ಲಿ ಈ ವಿನ್ಯಾಸದ ಅತ್ಯುತ್ತಮ ಭಾಗ, ಮುಖ್ಯ ಕಟ್ಟಡಕ್ಕೂ ವಿಮಾನ ಏರುವ ದ್ವಾರಗಳಿಗೂ ನಡುವೆ ತೆರೆದ ಆಕಾಶದಡಿ ಬೆಳೆಸಿರುವ ಮರಗಿಡಗಳ ಪಟ್ಟಿ. ಅಲ್ಲಿ ನೆರಳೂ ಬಾಷ್ಪವಿಸರ್ಜನೆಯೂ ಪ್ರಕೃತಿಯ ನಿಯಮದಂತೆ ದುಡಿಯುತ್ತವೆ.

ಶಿಕ್ಷಕರಿಗೆ ಇದರಲ್ಲಿ ಒಂದು ಪ್ರಯೋಗವಿದೆ. ದೊಡ್ಡಬಳ್ಳಾಪುರ ಅಥವಾ ಹೊಸಕೋಟೆಯ ಯಾವುದೇ ಶಾಲೆಯಲ್ಲಿ, ಏಪ್ರಿಲ್ ತಿಂಗಳ ಸಂಜೆ ನಾಲ್ಕಕ್ಕೆ, ಪಡುವಣ ದಿಕ್ಕಿನ ಎರಡು ಕೊಠಡಿಗಳ ಉಷ್ಣತೆ ಅಳೆಯಿರಿ: ಒಂದರ ಕಿಟಕಿಗೆ ಒಳಗೆ ಪರದೆ, ಇನ್ನೊಂದರ ಕಿಟಕಿಯ ಹೊರಗೆ ಹೊಂಗೆ ಮರ. ಹಸಿರು ಎಲ್ಲಿರಬೇಕೆಂಬುದನ್ನು ಉಷ್ಣಮಾಪಕವೇ ಹೇಳುತ್ತದೆ.