ಹದಿನೈದು ವರ್ಷದ ಪಟ್ಟ

ಕುದ್ರೋಳಿಯ ನಮ್ಮ ಮನೆಗೆ ಸಂಜೆಯ ಹೊತ್ತು ಓದಲು ಬರುವ ಹುಡುಗನೊಬ್ಬನಿಗೆ ರನ್ನನ 'ಗದಾಯುದ್ಧ'ವನ್ನು ಹೇಳುತ್ತಿದ್ದೆ. ದುರ್ಯೋಧನನು ಕಳದಲ್ಲಿ ಬಿದ್ದಿರುವ ತನ್ನವರನ್ನು ಒಬ್ಬೊಬ್ಬರನ್ನಾಗಿ ಕಾಣುತ್ತ ನಡೆದುಬರುವ ಭಾಗ. ಹುಡುಗನಿಗೆ ಕಾವ್ಯಕ್ಕಿಂತ ಕ್ರಿಕೆಟ್ಟಿನ ಮೇಲೆ ಪ್ರೀತಿ. "ಮೂರು ವರ್ಷಕ್ಕೊಮ್ಮೆ ಎಲ್ಲ ವೀರರನ್ನೂ ಹರಾಜಿಗೆ ಹಾಕಿ ಎರಡು ಪಕ್ಷವನ್ನೂ ಸಮ ಮಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ, ಅಲ್ಲವಾ ಸಾರ್?" ಎಂದ. ನಗು ಬಂದಿತು. ಆದರೆ ಅವನು ಹೋದ ಮೇಲೂ ಆ ಮಾತು ಹೋಗಲಿಲ್ಲ.

ದೊಡ್ಡವರು ಬೀಳುವುದನ್ನು ನೋಡುವಾಗ ನಮ್ಮ ಮನಸ್ಸಿಗೆ ಆಗುವುದೇನು? ರನ್ನನು ಇಡೀ ಭಾರತವನ್ನು ಅದರ ಕೊನೆಯ ಕಾಳಗದಿಂದ ಹಿಂದಿರುಗಿ ನೋಡಿದ. ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ. ಆದರೆ ಕಾವ್ಯದ ತೂಕವನ್ನೆಲ್ಲ ಸೋಲುವವನ ಕಡೆಗೆ ಇಟ್ಟ. ಸತ್ಯಾಶ್ರಯನ ತಂದೆ ತೈಲಪನು 973ರಲ್ಲಿ ರಾಷ್ಟ್ರಕೂಟರ ಪಟ್ಟವನ್ನು ಉರುಳಿಸಿದವನು. ಎರಡು ಶತಮಾನಕ್ಕೂ ಮೇಲ್ಪಟ್ಟು ಆಳಿದ ಮನೆತನವೊಂದು ಇಲ್ಲವಾದದ್ದನ್ನು ಬಲ್ಲ ಕಾಲದ ಕವಿ ರನ್ನ.

ಅದಾಗಿ ಹೆಚ್ಚುಕಡಿಮೆ ಸಾವಿರ ವರ್ಷಕ್ಕೆ ಇನ್ನೊಂದು ಪಟ್ಟ ಉರುಳಿತು. (ಇದು ಬರಿಯ ಕಾಕತಾಳೀಯ, ಕನ್ನಡ ಮೇಷ್ಟರಿಗೆ ಇಂಥ ಲೆಕ್ಕಗಳು ರುಚಿಸುತ್ತವೆ, ವಾಚಕರು ಮನ್ನಿಸಬೇಕು.) ರಣಜಿ ಟ್ರೋಫಿಯನ್ನು 1958-59ರಿಂದ 1972-73ರ ತನಕ, ಹದಿನೈದು ವರ್ಷ ಬಿಡದೆ, ಬೊಂಬಾಯಿಯೇ ಗೆದ್ದಿತು. 1959-60ರ ಅಂತಿಮ ಪಂದ್ಯದಲ್ಲಿ ಅದರ ಕೈಯಲ್ಲಿ ಸೋತದ್ದು ನಮ್ಮ ಮೈಸೂರೇ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು; ಆ ಹೊಸ ಹೆಸರಿನ ಮೊದಲ ಋತುವಿನಲ್ಲಿಯೇ, 1974ರ ಮಾರ್ಚಿನಲ್ಲಿ, ಬೆಂಗಳೂರಿನ ಸೆಮಿಫೈನಲಿನಲ್ಲಿ ಬೊಂಬಾಯಿ ಎದುರಾಯಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಕರ್ನಾಟಕದ ಮೊತ್ತ 385. ಆಮೇಲೆ ಗಾವಸ್ಕರರನ್ನು ಪ್ರಸನ್ನ ಬೌಲ್ಡ್ ಮಾಡಿದರು. ನಾಯಕ ವಾಡೇಕರರು ಗಟ್ಟಿಯಾಗಿ ನಿಂತಿದ್ದಾಗ ಓಟದ ನಡುವೆ ಕಾಲು ಜಾರಿ ರನ್ ಔಟ್ ಆದರು. ಬೊಂಬಾಯಿ 307ಕ್ಕೆ ಮುಗಿಯಿತು. ಮೊದಲ ಇನ್ನಿಂಗ್ಸಿನ ಮುನ್ನಡೆಯೇ ತೀರ್ಪಾಯಿತು. ನಾನಿನ್ನೂ ಹುಟ್ಟಿರಲಿಲ್ಲ. ತಂದೆಯವರು ರೇಡಿಯೋದಲ್ಲಿ ಕೇಳಿದ್ದನ್ನು ಎಷ್ಟು ಸಲ ಹೇಳಿದ್ದರೆಂದರೆ, ಆ ಕಾಲು ಜಾರಿದ್ದನ್ನು ನಾನೇ ಕಂಡಿದ್ದೇನೆ ಎನ್ನಿಸುತ್ತದೆ. ಗಮನಿಸಿ: ತಂದೆಯವರು ಹೇಳುತ್ತಿದ್ದುದು ವಿಶ್ವನಾಥರ ಶತಕಕ್ಕಿಂತ ಹೆಚ್ಚಾಗಿ ವಾಡೇಕರರ ಕಾಲನ್ನು. ರನ್ನನ ಓದುಗರಾಗಿರದಿದ್ದರೂ ಅವರು ರನ್ನನ ಪಕ್ಷವೇ.

ಹದಿನೈದು ವರ್ಷದ ಭಾರವಿಲ್ಲದೆ ಆ ಜಾರುವಿಕೆಗೆ ಅರ್ಥವಿತ್ತೆ? ಇಲ್ಲವೆಂದೇ ನಾನು ಬಹುಕಾಲ ನಂಬಿದ್ದೆ. ಆದ್ದರಿಂದಲೇ ಹರಾಜಿನ ಆಟವನ್ನು ಕಂಡರೆ ನನಗೆ ತಾತ್ಸಾರವಿತ್ತು. ಇಂಡಿಯನ್ ಪ್ರೀಮಿಯರ್ ಲೀಗಿನಲ್ಲಿ ಪ್ರತಿ ತಂಡಕ್ಕೂ ಖರ್ಚಿನ ಮಿತಿ ಒಂದೇ; 2025ರ ಋತುವಿಗೆ ಅದು 120 ಕೋಟಿ ರೂಪಾಯಿ. ಕೆಲವು ವರ್ಷಕ್ಕೊಮ್ಮೆ ಮಹಾ ಹರಾಜು. ಉಳಿಸಿಕೊಂಡ ಕೆಲವರನ್ನು ಬಿಟ್ಟರೆ ತಂಡವೆಲ್ಲ ಚದರಬೇಕು. ಯಾರೂ ಬಹುಕಾಲ ಮೇಲೆ ಕೂರಬಾರದು, ಯಾರೂ ಬಹುಕಾಲ ಕೆಳಗೆ ಬಿದ್ದಿರಬಾರದು ಎಂಬುದು ಇದರ ಹಿಂದಿನ ತತ್ತ್ವ. ಅಮೆರಿಕದವರು ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಹೊಸ ಆಟಗಾರರನ್ನು ಮೊದಲು ಆರಿಸುವ ಹಕ್ಕು ಕೊಡುವುದೂ ಇದೇ ಉದ್ದೇಶದಿಂದ. ಪಟ್ಟವೇ ಇಲ್ಲದಲ್ಲಿ ಪತನವೆಲ್ಲಿಂದ ಬರಬೇಕು ಎಂದು ನಾನು ಗೊಣಗುತ್ತಿದ್ದೆ.

ಲೆಕ್ಕ ಹಾಕಿ ನೋಡಿದಾಗ ನನ್ನ ಗೊಣಗಾಟ ಅರ್ಧ ಸುಳ್ಳಾಯಿತು. 2008ರಿಂದ 2025ರ ವರೆಗಿನ 18 ಋತುಗಳಲ್ಲಿ ಮುಂಬಯಿ ಐದು, ಚೆನ್ನೈ ಐದು ಸಲ ಗೆದ್ದಿವೆ. ಹರಾಜು ಹಣವನ್ನು ಸಮ ಮಾಡುತ್ತದೆ. ಆರಿಸುವ ಕಣ್ಣನ್ನು, ಆಡಿಸುವ ಬುದ್ಧಿಯನ್ನು ಸಮ ಮಾಡಲಾರದು. ಬದಲಾದದ್ದು ಬೀಳುವ ವೇಗ. 2024ರಲ್ಲಿ ಮುಂಬಯಿ ಹತ್ತನೆಯ ಸ್ಥಾನಕ್ಕೆ ಇಳಿಯಿತು, 2025ರಲ್ಲಿ ಚೆನ್ನೈ. ಹತ್ತನೆಯದೆಂದರೆ ಕೊನೆಯದು. ಹಾಗೆ ಬಿದ್ದದ್ದಕ್ಕೆ ಯಾರ ತಂದೆಯೂ ಐವತ್ತು ವರ್ಷ ಕಥೆ ಹೇಳಲಾರರು.

ಇದಕ್ಕೆ ಕಾರಣ, ತಂಡವೆಂಬುದು ಈಗ ಯಾರ ಊರೂ ಅಲ್ಲ. ನಮ್ಮ ನೆಹರೂ ಮೈದಾನದಲ್ಲಿ ಆಡಿ ಬೆಳೆದ ಕೆ. ಎಲ್. ರಾಹುಲ್ ಬೆಂಗಳೂರು, ಹೈದರಾಬಾದು, ಪಂಜಾಬು, ಲಕ್ನೋ, ದೆಹಲಿ ಎಂದು ಐದು ಅಂಗಿ ತೊಟ್ಟವರು. 2025ರ ಏಪ್ರಿಲಿನಲ್ಲಿ ದೆಹಲಿಯ ಪರವಾಗಿ ಬೆಂಗಳೂರಿನಲ್ಲಿಯೇ ಅಜೇಯ 93 ಹೊಡೆದು, ಬ್ಯಾಟಿನಿಂದ ನೆಲಕ್ಕೆ ವೃತ್ತ ಎಳೆದು, ಇದು ನನ್ನ ನೆಲ ಎಂಬಂತೆ ತೋರಿಸಿದರು. ಕುದ್ರೋಳಿಯವನು ಆಗ ಚಪ್ಪಾಳೆ ತಟ್ಟಬೇಕಾದದ್ದು ಯಾರಿಗೆ? ಉತ್ತರ ಕಷ್ಟವೇನಲ್ಲ. ಯಕ್ಷಗಾನದ ಊರಿನವರಿಗೆ ಇದು ಹಳೆಯ ಅಭ್ಯಾಸ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ವೇಷಧಾರಿ ಮುಂದಿನ ತಿರುಗಾಟಕ್ಕೆ ಬೇರೆ ಮೇಳದಲ್ಲಿ ಕಂಡರೆ ನಾವು ಅವನ ಹಿಂದೆಯೇ ಹೋಗುತ್ತೇವೆ.

ಆದರೆ ನನ್ನ ಹಳೆಯ ನಂಬಿಕೆಯನ್ನು ನಿಜವಾಗಿ ಅಲುಗಾಡಿಸಿದ್ದು ಬೇರೆ ಸಂಗತಿ. ಬೊಂಬಾಯಿಯ ಪಟ್ಟ ಆಕಾಶದಿಂದ ಇಳಿದದ್ದಲ್ಲ. ಅಲ್ಲಿ ಮೈದಾನಗಳಿದ್ದವು, ಆಟಗಾರರಿಗೆ ಕೆಲಸ ಕೊಡುವ ಕಂಪೆನಿ, ಬ್ಯಾಂಕುಗಳಿದ್ದವು, 1948ರಿಂದ ಮಳೆಗಾಲದಲ್ಲಿಯೇ ನಡೆಯುವ ಕಾಂಗಾ ಲೀಗ್ ಇತ್ತು. (ನಮ್ಮ ಆಟಿ ತಿಂಗಳಿನಲ್ಲಿ ಸ್ಟಂಪು ಊರಿದರೆ ತೇಲಿಹೋದೀತು.) ಅದರ ಎದುರು ರಾಜಸ್ಥಾನ ಏನು ಮಾಡೀತು? ಅರಮನೆಯ ಪ್ರೋತ್ಸಾಹವಿತ್ತು, ವಿನೂ ಮಂಕಡ್, ವಿಜಯ್ ಮಾಂಜ್ರೇಕರ್ ಅಂಥವರನ್ನೇ ಹೊರಗಿನಿಂದ ತಂದು ಆಡಿಸಿತು, ಸಲೀಂ ದುರಾನಿ, ಹನುಮಂತ ಸಿಂಗ್ ಇದ್ದರು. 1960-61ರಿಂದ 1969-70ರ ಒಳಗೆ ಏಳು ಸಲ ಅಂತಿಮ ಪಂದ್ಯಕ್ಕೆ ಬಂದು ಏಳೂ ಸಲ ಬೊಂಬಾಯಿಗೆ ಸೋತಿತು. ಎಂಟನೆಯ ಸಲ, 1974ರಲ್ಲಿ, ತನ್ನದೇ ಜಯಪುರದಲ್ಲಿ ಅಂತಿಮ ಪಂದ್ಯ. ಕೊನೆಗೂ ಎದುರಿಗೆ ಬೊಂಬಾಯಿ ಇಲ್ಲ! ಆದರೆ ಅದನ್ನು ದಾರಿಯಲ್ಲಿಯೇ ಕೆಡವಿ ಬಂದ ನಾವಿದ್ದೆವು. ಪಾಪ, ಎಂಟನೆಯ ಸಲವೂ ಸೋತರು. ಅವರು ಮೊದಲ ಸಲ ಗೆದ್ದದ್ದು 2010-11ರಲ್ಲಿ. ಆ ವೇಳೆಗೆ ಹಳಬರಲ್ಲಿ ಎಷ್ಟೋ ಮಂದಿ ತೀರಿಹೋಗಿದ್ದರು.

ಬೊಂಬಾಯಿಯಾದರೋ ಮರುವರ್ಷವೇ ಅಂತಿಮ ಪಂದ್ಯದಲ್ಲಿ ನಮ್ಮನ್ನು ಸೋಲಿಸಿ ಬಟ್ಟಲನ್ನು ಮರಳಿ ಒಯ್ದಿತು. 2023-24ಕ್ಕೆ ಅದರ ಗೆಲುವು 42. ತಂದೆಯವರು ಪತನವೆಂದು ಕಣ್ಣರಳಿಸಿ ಹೇಳುತ್ತಿದ್ದುದು ಒಂದು ವರ್ಷದ ವಿರಾಮವಷ್ಟೆ. ನಾನು ದುರ್ಯೋಧನನೆಂದು ಮರುಗಿದವನು ತೊಡೆಯ ಧೂಳು ಕೊಡವಿಕೊಂಡು ಎದ್ದುಹೋಗಿದ್ದ. ನಿಜವಾಗಿ ಸೋತವರ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ಹರಾಜಿನ ಪರವಾಗಿ ಏನಾದರೂ ಹೇಳಬೇಕಾದರೆ ಇದನ್ನು ಹೇಳಬೇಕು: ಏಳು ಸಲ ಒಬ್ಬರಿಗೇ ಸೋಲುವವರನ್ನು ಅದು ಸುಲಭವಾಗಿ ಹುಟ್ಟಗೊಡದು. ಹದಿನೆಂಟನೆಯ ಋತುವಿನಲ್ಲಿ, 2025ರ ಜೂನ್ 3ರಂದು, ಬೆಂಗಳೂರು ಮೊದಲ ಸಲ ಗೆದ್ದಿತು, 6 ರನ್ನಿನಿಂದ. ಹದಿನೆಂಟೂ ವರ್ಷ ಅಲ್ಲಿಯೇ ಉಳಿದ ಕೊಹ್ಲಿಯೊಬ್ಬರಿಂದಾಗಿ ಆ ಕಾಯುವಿಕೆಗೊಂದು ಮುಖವಿತ್ತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅದರ ಮುಂದೆ ವಿಮರ್ಶೆಯ ಮಾತು ನಿಲ್ಲದು.

ಮರುದಿನ ಸಂಜೆ ಹುಡುಗ ಬಂದಾಗ ಇಷ್ಟನ್ನೂ ಹೇಳಿದೆ. ಕರ್ನಾಟಕದ ಗೆಲುವಿನ ಬಗ್ಗೆ ಅವನು ಏನೂ ಕೇಳಲಿಲ್ಲ. "ಎಂಟನೆಯ ಸಲ ಸೋತ ರಾತ್ರಿ ರಾಜಸ್ಥಾನದವರು ಏನು ಮಾತಾಡಿಕೊಂಡಿರಬಹುದು, ಸಾರ್?" ಎಂದ. ಪುಸ್ತಕ ತೆರೆಯಲು ಹೇಳಿದೆ. ದುರ್ಯೋಧನನು ಇನ್ನೂ ಕಳದಲ್ಲಿಯೇ ಇದ್ದ. ಕೊಳ ಬಹಳ ದೂರವಿತ್ತು.